ಬಾಳೆಲೆಯ ಮುಂದೆ ಕುಳಿತ ರೋಮ್ ಪ್ರವಾಸಿ ಡೆಲ್ಲಾ ವಲ್ಲೆ

ಚಿಕ್ಕಬಳ್ಳಾಪುರ: ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಹುಡುಕಿದರೆ ಶಾವಿಗೆ ಒತ್ತುವ ಮರದ ಒರಳು ಇಂದಿಗೂ ಸಿಗುತ್ತದೆ. ಬೆಂದ ಹಿಟ್ಟಿನ ಉಂಡೆಯನ್ನು ಬಿಸಿ ಆರುವ ಮೊದಲೇ ಒರಳಿನ ಬಾಯಿಗೆ ತುಂಬಿ, ಮೇಲಿನ ಹಿಡಿಯನ್ನು ಇಬ್ಬರು ಸೇರಿ ಅದುಮಿದರೆ ತಳದ ತೂತುಗಳಿಂದ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತದೆ. ಅದಕ್ಕೆ ಬೆಲ್ಲ ಬೆರೆಸಿದ ಕಾಯಿಹಾಲು ಸುರಿದುಕೊಂಡರೆ ಹಬ್ಬದ ಊಟ. ಅಕ್ಕಿಯದಾಗಲಿ, ರಾಗಿಯದಾಗಲಿ, ಒತ್ತುಶಾವಿಗೆಯ ರುಚಿ ಬಲ್ಲ ಈ ಸೀಮೆಯ ಜನರಿಗೆ ಇಟಲಿಯ ಪಾಸ್ತಾ ತೀರಾ ಅಪರಿಚಿತ ವಸ್ತುವಲ್ಲ. ಅಲ್ಲಿಯೂ ಹಿಟ್ಟು ನಾದಿ, ತೂತುಗಳ ಮೂಲಕ ಒತ್ತಿ ತೆಗೆದ ಎಳೆಯೇ ಊಟದ ಜೀವಾಳ. ನಮ್ಮಲ್ಲಿ ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆ ಯಾವ ಜಾತಿಯ ಗಟ್ಟಿ ಗೋಧಿಯಿಂದ ಬರುತ್ತದೆಯೋ ಇಟಲಿಯ ಒಣ ಪಾಸ್ತಾ ತಯಾರಾಗುವುದೂ ಅದೇ ಜಾತಿಯ ಗೋಧಿಯ ರವೆಯಿಂದ.

ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ 2008ರಿಂದ ಈಚೆಗೆ ಚಿಕ್ಕಬಳ್ಳಾಪುರದ ಮನೆಬಾಗಿಲಿನಿಂದ ಯುರೋಪ್ ದೂರವಿಲ್ಲ. ರೋಮ್‌ಗೆ ಹೊರಟವರಿಗೆ ಅನುಭವಸ್ಥರು ಹೇಳುವ ಬುದ್ಧಿಮಾತು ಒಂದೇ: ಪ್ರವಾಸಿಗಳಿಗೆಂದೇ ತೆರೆದ ಹೋಟೆಲು ಬಿಟ್ಟು ಊರಿನವರು ಉಣ್ಣುವಲ್ಲಿ ಉಣ್ಣಿ, ಅವರಂತೆ ಉಣ್ಣಿ. ಸ್ಪಗೆಟ್ಟಿಯನ್ನು ಚಾಕುವಿನಿಂದ ತುಂಡರಿಸಬಾರದು, ಫೋರ್ಕ್‌ಗೆ ಸುತ್ತಿಕೊಳ್ಳಬೇಕು. ಮೀನು ಹಾಕಿದ ಪಾಸ್ತಾದ ಮೇಲೆ ಗಿಣ್ಣು ತುರಿಸಬಾರದು. ಊಟದ ನಂತರ ಹಾಲು ಬೆರೆಸಿದ ಕಾಫಿ ಕೇಳಬಾರದು. ಇವೆಲ್ಲ ಅಲ್ಲಿನ ಅಲಿಖಿತ ಕಾನೂನುಗಳು. ಇದೇ ಮಾತನ್ನು ತಿರುಗಿಸಿ ಕೇಳಿದರೆ ಹೇಗೆ? ಇಟಲಿಯವನೊಬ್ಬ ಕನ್ನಡನಾಡಿಗೆ ಬಂದು ಇಲ್ಲಿಯವರಂತೆ ಉಣ್ಣಲು ಕುಳಿತರೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರ 1623ರ ಡಿಸೆಂಬರ್ ತಿಂಗಳಲ್ಲೇ ದಾಖಲಾಗಿದೆ. ದಾಖಲಿಸಿದಾತ ರೋಮ್ ನಗರದ ಶ್ರೀಮಂತ ಮನೆತನದ ಪಿಯೆತ್ರೊ ಡೆಲ್ಲಾ ವಲ್ಲೆ. ಕೆಳದಿ ನಾಯಕರ ಇತಿಹಾಸ ಓದಿದವರಿಗೆ ಈ ಹೆಸರು ಹೊಸದಲ್ಲ. ಇಕ್ಕೇರಿಯ ವೈಭವವನ್ನು ಬಣ್ಣಿಸುವ ಪ್ರತಿ ಗ್ರಂಥದಲ್ಲೂ ಆತನ ಸಾಕ್ಷ್ಯ ಇದ್ದೇ ಇರುತ್ತದೆ. ಆತ ನಮ್ಮ ಬಯಲುಸೀಮೆಗೆ ಬರಲಿಲ್ಲ. ಆವತಿ ಮೂಲದ ಪಾಳೆಯಗಾರರು ಆಳುತ್ತಿದ್ದ ಚಿಕ್ಕಬಳ್ಳಾಪುರವನ್ನಾಗಲಿ ನಂದಿಬೆಟ್ಟವನ್ನಾಗಲಿ ಕಾಣಲಿಲ್ಲ. ಹೊನ್ನಾವರದಲ್ಲಿ ಇಳಿದು, ಘಟ್ಟ ಹತ್ತಿ, ಮತ್ತೆ ಕರಾವಳಿಗೆ ಇಳಿದು ಹೊರಟುಹೋದ. ಆದರೂ ಕನ್ನಡನಾಡಿನ ಒಂದು ಊಟದ ವಿವರವನ್ನು ಎಲೆಯ ಮೇಲಿನ ಉಪ್ಪಿನಕಾಯಿಯವರೆಗೆ ಬರೆದಿಟ್ಟ ಆ ಕಾಲದ ವಿದೇಶಿಯರು ವಿರಳ. ಇತಿಹಾಸಕಾರರು ಆತನ ಬರಹದಿಂದ ಅರಮನೆ, ಸೈನ್ಯ, ಸಹಗಮನದ ವಿವರಗಳನ್ನು ಎತ್ತಿಕೊಂಡರು. ಊಟದ ಎಲೆಯನ್ನು ಮಾತ್ರ ಹಾಗೇ ಬಿಟ್ಟರು.

ಪ್ರೇಮಭಂಗದಿಂದ ಪ್ರಯಾಣಕ್ಕೆ

ಡೆಲ್ಲಾ ವಲ್ಲೆ ಹುಟ್ಟಿದ್ದು 1586ರ ಏಪ್ರಿಲ್‌ನಲ್ಲಿ, ರೋಮ್‌ನಲ್ಲಿ. ಲ್ಯಾಟಿನ್, ಗ್ರೀಕ್, ಸಂಗೀತ, ಕಾವ್ಯ, ಕತ್ತಿವರಸೆ ಎಲ್ಲವನ್ನೂ ಕಲಿತ. ಅಂದಿನ ರೋಮ್‌ನ ಪ್ರಸಿದ್ಧ ಸಾಹಿತ್ಯಕೂಟವೊಂದರ ಸದಸ್ಯನೂ ಆಗಿದ್ದ. 1611ರಲ್ಲಿ ಸ್ಪೇನ್ ನೌಕಾಪಡೆಯೊಂದಿಗೆ ಉತ್ತರ ಆಫ್ರಿಕಾದ ತೀರಕ್ಕೆ ಹೋಗಿ ಯುದ್ಧವನ್ನೂ ನೋಡಿ ಬಂದ. ಹಲವು ವರ್ಷ ಪ್ರೀತಿಸಿದ ಯುವತಿ ಬೇರೊಬ್ಬನನ್ನು ವರಿಸಿದಾಗ ಮಾತ್ರ ಆತನ ಬದುಕು ದಿಕ್ಕು ತಪ್ಪಿತು. ದುಃಖ ಮರೆಯಲು ನೇಪಲ್ಸ್ ಸೇರಿದ. ಅಲ್ಲಿ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ಆತನಿಗೆ ಮಿತ್ರನಾದ. ಪೂರ್ವದೇಶಗಳ ಭಾಷೆಗಳಲ್ಲಿ ಆಸಕ್ತಿಯಿದ್ದ ಈ ವೈದ್ಯ ಕೊಟ್ಟ ಔಷಧ ತೀರ್ಥಯಾತ್ರೆ. ಜೆರುಸಲೇಮಿಗೆ ಹೋಗಿ ಬಾ, ಹೋದಲ್ಲೆಲ್ಲ ಕಂಡದ್ದನ್ನು ಕಾಗದ ಬರೆದು ತಿಳಿಸು ಎಂಬುದು ಒಪ್ಪಂದ. ಮುಂದೆ ಹನ್ನೆರಡು ವರ್ಷ ಬರೆದ ಆ ಕಾಗದಗಳೇ ಆತನನ್ನು ಅಮರನನ್ನಾಗಿಸಿದವು.

ಆತ ಬಿಟ್ಟುಹೊರಟ ನೇಪಲ್ಸ್ ಇಂದು ಪಾಸ್ತಾದ ರಾಜಧಾನಿ ಎನಿಸಿಕೊಂಡಿದೆ. ಆಗ ಹಾಗಿರಲಿಲ್ಲ. ನೇಪಲ್ಸ್ ಜನರನ್ನು ಇಟಲಿಯ ಇತರ ಭಾಗದವರು ಸೊಪ್ಪು ತಿನ್ನುವವರು ಎಂದು ಹೀಯಾಳಿಸುತ್ತಿದ್ದ ಕಾಲ ಅದು. ಎಲೆಕೋಸು, ಸೊಪ್ಪು, ಮಾಂಸ ಅವರ ಆಹಾರವಾಗಿತ್ತು. ಪಾಸ್ತಾ ಇತ್ತು, ಆದರೆ ದಿನನಿತ್ಯದ ಊಟವಾಗಿರಲಿಲ್ಲ. ಉಳ್ಳವರ ಮನೆಯಲ್ಲಿ ಅದಕ್ಕೆ ಗಿಣ್ಣಿನ ಜೊತೆಗೆ ಸಕ್ಕರೆ, ದಾಲ್ಚಿನ್ನಿ ಉದುರಿಸಿಕೊಂಡು ತಿನ್ನುವ ಪದ್ಧತಿಯಿತ್ತು. ಟೊಮೆಟೊ ಸಾರಿನ ಸುಳಿವೇ ಇರಲಿಲ್ಲ. ಅಮೆರಿಕದಿಂದ ಬಂದ ಆ ಹಣ್ಣನ್ನು ಯುರೋಪಿನವರು ಬಹುಕಾಲ ಅನುಮಾನದಿಂದಲೇ ನೋಡಿದರು. ಇಂದು ಟೊಮೆಟೊ ಮಾರುಕಟ್ಟೆಗೆ ಹೆಸರಾದ ಚಿಂತಾಮಣಿಯ ಹೊಲಗಳಲ್ಲೂ ಅಂದು ಅದರ ಹೆಸರು ಕೇಳಿದವರಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

1614ರ ಜೂನ್‌ನಲ್ಲಿ ವೆನಿಸ್‌ನಿಂದ ಹಡಗು ಹತ್ತಿದ ಡೆಲ್ಲಾ ವಲ್ಲೆ ಮೊದಲು ತಲುಪಿದ್ದು ಕಾನ್‌ಸ್ಟಾಂಟಿನೋಪಲ್. ಅಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಂತು ತುರ್ಕಿ ಭಾಷೆ ಕಲಿತ. ತುರ್ಕರು ಬಿಸಿಬಿಸಿಯಾಗಿ ಗುಟುಕರಿಸುತ್ತ ಹರಟೆ ಹೊಡೆಯುವ ಕಪ್ಪು ಪಾನೀಯವೊಂದರ ವರ್ಣನೆಯನ್ನು 1615ರಲ್ಲಿ ಸ್ಕಿಪಾನೊಗೆ ಬರೆದು, ಮರಳುವಾಗ ಇಟಲಿಗೆ ಸ್ವಲ್ಪ ತರುವುದಾಗಿಯೂ ತಿಳಿಸಿದ. ಅದು ಕಾಫಿ. ಎಸ್ಪ್ರೆಸೊ ಇಲ್ಲದೆ ದಿನ ಆರಂಭವಾಗದ ಇಂದಿನ ಇಟಲಿಗೆ ಕಾಫಿಯನ್ನು ಪರಿಚಯಿಸಬೇಕಾದ ಕಾಲವೊಂದಿತ್ತು ಎಂದು ಓದುವಾಗ ನಗು ಬರುತ್ತದೆ. ಫಿಲ್ಟರ್ ಕಾಫಿಯ ನಮ್ಮ ಕತೆಯೂ ಬೇರೆಯಲ್ಲವೆನ್ನಿ.

ಈಜಿಪ್ಟ್, ಜೆರುಸಲೇಮ್, ಡಮಾಸ್ಕಸ್, ಅಲೆಪ್ಪೊ ದಾಟಿ ಬಾಗ್ದಾದ್ ಕಡೆಗೆ ಹೊರಟ ಒಂಟೆಸಾಲಿನಲ್ಲಿ ಸಹಪ್ರಯಾಣಿಕನೊಬ್ಬ ಮಆನಿ ಎಂಬ ಕ್ರೈಸ್ತ ಯುವತಿಯ ರೂಪಗುಣಗಳನ್ನು ಬಣ್ಣಿಸಿದ. ಕೇಳಿದ ಮಾತಿಗೇ ಡೆಲ್ಲಾ ವಲ್ಲೆ ಮನಸೋತ. ಬಾಗ್ದಾದ್ ತಲುಪಿ, ಆಕೆಯನ್ನು ಕಂಡು, 1616ರಲ್ಲಿ ಮದುವೆಯಾದ. ತೀರ್ಥಯಾತ್ರೆ ಅಲ್ಲಿಗೆ ಮುಗಿದು ಸಂಸಾರಯಾತ್ರೆ ಆರಂಭವಾಯಿತು. ದಂಪತಿ ಪರ್ಷಿಯಾಕ್ಕೆ ಹೋದರು, ಶಾ ಅಬ್ಬಾಸನ ಆಸ್ಥಾನ ಕಂಡರು. ಡೆಲ್ಲಾ ವಲ್ಲೆ ಪರ್ಷಿಯನ್ ಉಡುಪು ತೊಟ್ಟ, ಆ ಭಾಷೆಯನ್ನೂ ಕಲಿತ, ತುಪ್ಪದಲ್ಲಿ ಬೆಂದ ಪಿಲಾವಿಗೆ ನಾಲಿಗೆ ಒಗ್ಗಿಸಿಕೊಂಡ. 1621ರಲ್ಲಿ ಪರ್ಸೆಪೊಲಿಸ್ ಪಾಳುನಗರದಲ್ಲಿ ಕಂಡ ಮೊಳೆಯಾಕಾರದ ಲಿಪಿಯ ಕೆಲವು ಅಕ್ಷರಗಳನ್ನು ನಕಲು ಮಾಡಿಕೊಂಡು, ಅದನ್ನು ಎಡದಿಂದ ಬಲಕ್ಕೆ ಓದಬೇಕೆಂದು ಸರಿಯಾಗಿಯೇ ಊಹಿಸಿದ.

ಅದೇ ವರ್ಷದ ಕೊನೆಯಲ್ಲಿ ದುರಂತ ಎರಗಿತು. ಹೊರ್ಮುಜ್ ಸಮೀಪದ ಮಿನಾಬ್ ಎಂಬಲ್ಲಿ ಜ್ವರ ತಗುಲಿ, ಗರ್ಭಪಾತವಾಗಿ, 1621ರ ಡಿಸೆಂಬರ್ 30ರಂದು ಮಆನಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಆಕೆಯನ್ನು ಬಿಟ್ಟುಹೋಗಲು ಗಂಡನಿಗೆ ಮನಸ್ಸು ಬರಲಿಲ್ಲ. ಶವಕ್ಕೆ ಕರ್ಪೂರ ಲೇಪಿಸಿ, ಪೆಟ್ಟಿಗೆಯಲ್ಲಿಟ್ಟು, ರೋಮ್‌ನ ತನ್ನ ಕುಟುಂಬದ ಸಮಾಧಿಗೆ ಒಯ್ಯಲು ನಿರ್ಧರಿಸಿದ. ಹೆಣ ಸಾಗಿಸಲು ಹಡಗಿನವರು ಒಪ್ಪುವುದಿಲ್ಲವೆಂದು ಸಾಮಾನಿನ ನಡುವೆ ಮರೆಮಾಡಿದ. ದಂಪತಿ ಸಾಕಿಕೊಂಡಿದ್ದ ಜಾರ್ಜಿಯಾದ ಅನಾಥ ಬಾಲಕಿ ಮರಿಯುಚ್ಚಾ ಕೂಡ ಆತನೊಂದಿಗಿದ್ದಳು. ಹೀಗೆ ಒಂದು ಶವಪೆಟ್ಟಿಗೆ, ಒಂದು ಮಗುವಿನೊಂದಿಗೆ ಆತ ಇಂಗ್ಲಿಷ್ ಹಡಗೊಂದರಲ್ಲಿ 1623ರ ಫೆಬ್ರುವರಿಯಲ್ಲಿ ಸೂರತ್‌ಗೆ ಬಂದಿಳಿದ.

ಫೋರ್ಕ್ ಹಿಡಿದವರ ಕತೆ

ಸೂರತ್ ಹೆಸರು ಬಂದಾಗ ಇನ್ನೊಬ್ಬ ಪ್ರವಾಸಿಯನ್ನು ನೆನೆಯಲೇಬೇಕು. ಇಂಗ್ಲೆಂಡಿನ ಥಾಮಸ್ ಕೋರಿಯಟ್ 1608ರಲ್ಲಿ ಇಟಲಿ ಸುತ್ತಿದಾಗ ಅಲ್ಲಿಯ ಜನ ಮಾಂಸವನ್ನು ಕೈಯಿಂದ ಮುಟ್ಟದೆ ಮುಳ್ಳುಚಮಚದಿಂದ ಹಿಡಿದು ಕತ್ತರಿಸುವುದನ್ನು ಕಂಡು ಬೆರಗಾದ. ಬೇರಾವ ಕ್ರೈಸ್ತ ದೇಶದಲ್ಲೂ ಇಂಥ ಪದ್ಧತಿಯಿಲ್ಲ ಎಂದು 1611ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದ. ತಾನೂ ಫೋರ್ಕ್ ಹಿಡಿದು ತನ್ನ ದೇಶದಲ್ಲಿ ಗೆಳೆಯರ ನಗೆಗೀಡಾದ. ಅಂದರೆ ಆ ಕಾಲದಲ್ಲಿ ಇಂಗ್ಲಿಷರೂ ಕೈಯಲ್ಲೇ ಉಣ್ಣುತ್ತಿದ್ದರು. ಬಿಸಿಯಾಗಿ ಜಾರುವ ಪಾಸ್ತಾದ ಎಳೆಗಳೇ ಇಟಲಿಯವರಿಗೆ ಫೋರ್ಕ್ ಹಿಡಿಯಲು ಕಲಿಸಿದವು ಎಂಬುದು ಆಹಾರದ ಇತಿಹಾಸ ಬರೆದವರ ಅಭಿಪ್ರಾಯ. ಕೋರಿಯಟ್ ಮುಂದೆ ಕಾಲ್ನಡಿಗೆಯಲ್ಲಿ ಭಾರತಕ್ಕೆ ಬಂದು 1617ರಲ್ಲಿ ಸೂರತ್‌ನಲ್ಲೇ ಮಡಿದ. ಆತ ಸತ್ತು ಆರನೆಯ ವರ್ಷಕ್ಕೆ ಫೋರ್ಕ್‌ನ ತವರಿನಿಂದ ಡೆಲ್ಲಾ ವಲ್ಲೆ ಅದೇ ರೇವಿನಲ್ಲಿ ಇಳಿದ. ಆತನ ಸಾಮಾನಿನಲ್ಲೂ ಒಂದು ಫೋರ್ಕ್ ಇತ್ತು.

ಗುಜರಾತಿನಲ್ಲಿ ಸುತ್ತಾಡಿ ಗೋವಾ ಸೇರಿದ ಆತನಿಗೆ ಕನ್ನಡನಾಡನ್ನು ಕಾಣುವ ಅವಕಾಶ ಒದಗಿಸಿದ್ದು ಕರಿಮೆಣಸು. ಇಕ್ಕೇರಿಯ ಹಿರಿಯ ವೆಂಕಟಪ್ಪ ನಾಯಕನ ಸೀಮೆಯ ಮೆಣಸು ಪೋರ್ಚುಗೀಸರಿಗೆ ಬೇಕಾಗಿತ್ತು. ಮಂಗಳೂರು ಭಾಗದ ಬಂಗ ಅರಸನ ವಿಚಾರದಲ್ಲಿ ಅವರ ನಡುವೆ ತಕರಾರೂ ಇತ್ತು. ಮಾತುಕತೆಗೆಂದು ಗೋವಾದಿಂದ ಹೊರಟ ರಾಯಭಾರಿಯ ಜೊತೆ ಡೆಲ್ಲಾ ವಲ್ಲೆ 1623ರ ಅಕ್ಟೋಬರ್‌ನಲ್ಲಿ ಸೇರಿಕೊಂಡ. ಇಂದು ರೋಮ್‌ಗೆ ಹೋದ ಪ್ರವಾಸಿಗರು ತಪ್ಪದೆ ತಿನ್ನುವ ಕಾಚೊ ಎ ಪೆಪೆ ಎಂಬ ಪಾಸ್ತಾಕ್ಕೆ ಕುರಿಹಾಲಿನ ಗಿಣ್ಣು, ಕುಟ್ಟಿದ ಕರಿಮೆಣಸು ಬಿಟ್ಟರೆ ಬೇರೇನೂ ಬೇಕಿಲ್ಲ. ಆ ಮೆಣಸಿಗಾಗಿ ಯುರೋಪಿನವರು ನಮ್ಮ ಮಲೆನಾಡಿನ ಅರಸರ ಬಾಗಿಲಲ್ಲಿ ಕಾಯುತ್ತಿದ್ದ ದಿನಗಳವು.

ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟದ ದಾರಿ. ಆ ನದಿಯ ಚೆಲುವನ್ನು ಆತ ಮನಸಾರೆ ಹೊಗಳಿದ್ದಾನೆ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಅರಸಿಯ ಗೇರುಸೊಪ್ಪೆ ಅಷ್ಟರಲ್ಲಿ ಹಾಳುಬಿದ್ದಿತ್ತು. ಘಟ್ಟದ ಮೇಲೆ ಹನುಮಂತನ ಗುಡಿಯೊಂದರ ಜಗಲಿಯಲ್ಲಿ ಪುಟ್ಟ ಹುಡುಗರು ನೆಲದ ಮೇಲೆ ನುಣುಪು ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುವುದನ್ನು ಕಂಡು ಬಹಳ ಹೊತ್ತು ನಿಂತು ನೋಡಿದ. ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯ, ನಾಯಕನ ಆಸ್ಥಾನ, ಸಂಜೆ ಬಣ್ಣದ ಕೋಲುಗಳನ್ನು ಹಿಡಿದು ಬೀದಿಯಲ್ಲಿ ಕುಣಿಯುವ ಹುಡುಗಿಯರು, ಎಲ್ಲವೂ ಆತನ ಕಾಗದದಲ್ಲಿ ಸೇರಿದವು. ಗಂಡನ ಚಿತೆಯೇರಲು ನಿರ್ಧರಿಸಿದ್ದ ಹೆಂಗಸೊಬ್ಬಳ ಮನೆಗೆ ಹೋಗಿ, ಬೇಡವೆಂದು ದುಭಾಷಿಯ ಮೂಲಕ ವಾದಿಸಿ ಸೋತ. ಸತ್ತ ಹೆಂಡತಿಯನ್ನು ಬಿಡಲಾರದೆ ದೇಶ ದೇಶ ಹೊತ್ತು ತಿರುಗುತ್ತಿದ್ದವನು ಸತ್ತ ಗಂಡನನ್ನು ಬಿಡಲಾರದವಳ ಮುಂದೆ ಕುಳಿತಿದ್ದ. ಆಕೆಯ ಬಗ್ಗೆ ಕವಿತೆ ಬರೆಯುತ್ತೇನೆಂದು ಮಾತು ಕೊಟ್ಟ, ಬರೆದ.

ಮಣೇಲ್‌ನ ಎಲೆ

ಘಟ್ಟ ಇಳಿದು ಬಸರೂರು ಮಾರ್ಗವಾಗಿ ಮಂಗಳೂರಿಗೆ ಬಂದ ಡೆಲ್ಲಾ ವಲ್ಲೆಗೆ ಉಳ್ಳಾಲದ ರಾಣಿಯನ್ನು ಕಾಣುವ ಆಸೆಯಾಯಿತು. ಆಕೆ ಅಬ್ಬಗದೇವಿ ಚೌಟ. ಪೋರ್ಚುಗೀಸರೊಡನೆ ಕಾದಾಡಿದ ಅಬ್ಬಕ್ಕನ ಹೆಸರಿನಲ್ಲಿ ನಾಡು ಇಂದಿಗೂ ನೆನೆಯುವ ಮನೆತನದವಳು. ರಾಣಿ ಆಗ ಮಂಗಳೂರಿನ ಸಮೀಪದ ಮಣೇಲ್‌ನಲ್ಲಿದ್ದಳು. ಆತ ಹೋದಾಗ ಆಕೆ ಎದುರಾದದ್ದು ಅರಮನೆಯಲ್ಲಲ್ಲ, ಬೀದಿಯಲ್ಲಿ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದಳು. ಉಡುಪು ನೋಡಿ ರಾಣಿಯೆಂದು ನಂಬಲು ಆತನಿಗೆ ಕಷ್ಟವಾಯಿತು, ಮಾತು ಕೇಳಿದ ಮೇಲೆ ಅನುಮಾನ ಉಳಿಯಲಿಲ್ಲ. ತನ್ನ ಮೊದಲ ನೋಟ ಅದೆಷ್ಟು ಒರಟಾಗಿತ್ತೆಂಬುದನ್ನು ಆತ ಮುಚ್ಚಿಟ್ಟಿಲ್ಲ.

ಬಳಿಕ ರಾಣಿಯ ಮಗನ ಭೇಟಿ. ಆತ ಬರೆದ ಹೆಸರು ಚೆಲುವ ರಾಯನೆಂದು ಓದಲು ಬರುತ್ತದೆ. ಯುವಕನಾದ ಆ ಅರಸುಮಗ ಪರದೇಶಿಯನ್ನು ಮಾತಾಡಿಸಿ, ಹಾಗೇ ಕಳುಹಿಸಲು ಒಪ್ಪದೆ, ಉಂಡೇ ಹೋಗಬೇಕೆಂದು ಹಟ ಹಿಡಿದ. ಊಟದ ಹೊತ್ತು ಮೀರಿತ್ತು, ಅತಿಥಿಗೆ ಹಸಿವೂ ಇರಲಿಲ್ಲ. ಆದರೂ ನೆಲದ ಮೇಲೆ ದೊಡ್ಡ ಬಾಳೆಲೆ ಬಿತ್ತು. ನೀರು, ಉಪ್ಪು ಹಾಕಿ ಬೇಯಿಸಿದ ಅನ್ನ. ಪಕ್ಕದಲ್ಲಿ ಎಲೆಯಿಂದ ಮಾಡಿದ ದೊನ್ನೆಯ ತುಂಬ ಕರಗಿದ ತುಪ್ಪ. ಇನ್ನೊಂದು ಎಲೆಯ ಮೇಲೆ ಸಿಪ್ಪೆ ಸುಲಿದ ಬಾಳೆಹಣ್ಣು. ಅದರ ಬಳಿ ಕೆಂಪು ಬಣ್ಣದ ಸೊಪ್ಪು. ಕರಾವಳಿಯವರು ಇದನ್ನು ಓದಿದರೆ ಕೆಂಪು ಹರಿವೆಯೆಂದು ತಟ್ಟನೆ ಗುರುತಿಸುತ್ತಾರೆ. ಮತ್ತೊಂದು ಕಡೆ ಹಲವು ಬಗೆಯ ಉಪ್ಪಿನಕಾಯಿ, ಅದರಲ್ಲೂ ಎಳೆಬಿದಿರಿನ ಹೋಳುಗಳು. ಅದು ಕಣಿಲೆಯಲ್ಲದೆ ಬೇರೇನೂ ಅಲ್ಲ. ನಾನೂರು ವರ್ಷದ ಹಿಂದಿನ ಈ ಎಲೆಯನ್ನು ಇಂದು ಮಂಗಳೂರಿನ ಯಾವ ಮನೆಯಲ್ಲಾದರೂ ಹಾಕಬಹುದು, ಯಾರೂ ಆಶ್ಚರ್ಯಪಡುವುದಿಲ್ಲ. ರೊಟ್ಟಿ ಇರಲಿಲ್ಲ. ಅದರ ಕೊರತೆ ತನಗೆ ಕಾಣಲಿಲ್ಲ, ಅನ್ನ ತನಗೆ ರೂಢಿಯಾಗಿದೆ ಎನ್ನುತ್ತಾನೆ ಡೆಲ್ಲಾ ವಲ್ಲೆ.

ಅರಸುಮಗನಿಗೆ ಮಾತ್ರ ಸಂಕೋಚ. ಮೊದಲೇ ತಿಳಿದಿದ್ದರೆ ಹಲವು ಬಗೆಯ ಸಾರು, ಪದಾರ್ಥ ಮಾಡಿಸುತ್ತಿದ್ದೆ, ಇಷ್ಟರಲ್ಲೇ ತೃಪ್ತಿಪಡಬೇಕು ಎಂದು ಮತ್ತೆ ಮತ್ತೆ ಕ್ಷಮೆ ಕೇಳಿದ. ಇಂದಿಗೂ ಅತಿಥಿ ಹೇಳದೆ ಬಂದರೆ ನಮ್ಮ ಮನೆಗಳಲ್ಲಿ ಆಡುವ ಮಾತು ಅದೇ ತಾನೆ. ಈ ಸಂದರ್ಭ ಹಿಡಿದುಕೊಂಡು ಡೆಲ್ಲಾ ವಲ್ಲೆ ಆ ಪದಾರ್ಥಗಳ ಬಗ್ಗೆ ಪುಟಗಟ್ಟಲೆ ಹೋಗುತ್ತಾನೆ. ಪೋರ್ಚುಗೀಸರು ಕರಿಲ್ ಎಂದು ಕರೆಯುವ ಆ ಸಾರಿಗೆ ತೆಂಗಿನಕಾಯಿಯ ತಿರುಳು, ತುಪ್ಪ, ಏಲಕ್ಕಿ, ಶುಂಠಿ ಮೊದಲಾದ ಮಸಾಲೆ ಬೀಳುತ್ತವೆ. ತೆಂಗು ಸಿಗದ ಇಟಲಿಯಲ್ಲಿ ಬಾದಾಮಿ ಹಾಲು ಬಳಸಿದರೂ ನಡೆದೀತು ಎಂದು ತನ್ನವರಿಗೆ ಬದಲಿ ಸಾಮಗ್ರಿಯನ್ನೂ ಸೂಚಿಸುತ್ತಾನೆ. ಕ್ರೈಸ್ತರು ಕೋಳಿ, ಮೀನು ಸೇರಿಸುತ್ತಾರೆ. ಅದನ್ನು ಅನ್ನದ ಮೇಲೆ ಧಾರಾಳವಾಗಿ ಸುರಿದುಕೊಂಡರೆ ರೊಟ್ಟಿಯೂ ಅದೇ, ಪಲ್ಯವೂ ಅದೇ, ಜೀರ್ಣಕ್ಕೂ ಹಗುರ. ತಾನು ಆಗಾಗ ಅದನ್ನೇ ಉಂಡು ಸುಖವಾಗಿದ್ದೇನೆ ಎಂದು ಮಿತ್ರ ವೈದ್ಯನಿಗೆ ತಿಳಿಸಿ, ಜಗತ್ತಿನ ಅತ್ಯುತ್ತಮ, ಆರೋಗ್ಯಕರ ಆಹಾರಗಳಲ್ಲಿ ಇದೊಂದೆಂದು ತೀರ್ಪು ಕೊಡುತ್ತಾನೆ. ಯುರೋಪಿನ ಹೊಟ್ಟೆಬಾಕರು ದಿನಕ್ಕೊಂದು ಅಡುಗೆ ಕಂಡುಹಿಡಿದು ಸಂಧಿವಾತ, ನೆಗಡಿ ತಂದುಕೊಳ್ಳುತ್ತಾರೆಂದು ಕುಟುಕುತ್ತಾನೆ.

ಇಷ್ಟೆಲ್ಲ ಮೆಚ್ಚಿದವನು ಮಣೇಲ್‌ನ ಎಲೆಯ ಮುಂದೆ ಅನ್ನ ಮುಟ್ಟಲಿಲ್ಲ. ಹಣ್ಣು, ಸೊಪ್ಪುಗಳನ್ನು ಬೆರಳ ತುದಿಯಲ್ಲಿ ರುಚಿ ನೋಡಿ, ಕೈವಸ್ತ್ರಕ್ಕೆ ಒರೆಸಿಕೊಳ್ಳುತ್ತ ಕುಳಿತ. ಅನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣಬೇಕೆಂದು ಅರಸುಮಗ ಒತ್ತಾಯಿಸಿದಷ್ಟೂ ಆತ ಜಾರಿಕೊಂಡ. ಕಾರಣ ಸರಳ. ಚಮಚವಿರಲಿಲ್ಲ, ಕೈ ಜಿಡ್ಡಾಗುವುದು ಆತನಿಗೆ ಬೇಕಿರಲಿಲ್ಲ. ಭಾರತದಲ್ಲಿದ್ದ ಪೋರ್ಚುಗೀಸರು ಬೆಳ್ಳಿಯ ಚಮಚ ಮುಂದಿದ್ದರೂ ಇಲ್ಲಿಯವರಂತೆ ಮಣಿಕಟ್ಟಿನವರೆಗೆ ಕೈ ಮುಳುಗಿಸಿ ಕಲಸುತ್ತಾರೆಂದು ಬರೆಯುವಾಗ ಆತನ ಅಸಹ್ಯ ಅಡಗುವುದಿಲ್ಲ. ಭಾಷೆ ಕಲಿತ, ಉಡುಪು ಬದಲಿಸಿದ, ಪೂರ್ವದೇಶದ ಹೆಣ್ಣನ್ನು ಮದುವೆಯಾದ, ಇಲ್ಲಿಯ ಅನ್ನವನ್ನೇ ದೇಹಕ್ಕೆ ಒಗ್ಗಿಸಿಕೊಂಡ ಮನುಷ್ಯನಿಗೆ ತುಪ್ಪದನ್ನ ಕಲಸಲು ಐದು ಬೆರಳು ಮುಂದೆ ಬರಲಿಲ್ಲ.

ಕೊನೆಗೆ ಅರಸುಮಗನೇ ದಾರಿ ತೋರಿದ. ನಿನ್ನ ರೂಢಿಯಂತೆಯೇ ಉಣ್ಣು, ಬೇಕಾದುದನ್ನು ತರಿಸಿಕೋ ಎಂದು ಅಪ್ಪಣೆಯಾಯಿತು. ಬಿಡಾರಕ್ಕೆ ಆಳು ಓಡಿ ಚಮಚ,ಫೋರ್ಕ್ ತಂದ. ಡೆಲ್ಲಾ ವಲ್ಲೆ ತುಪ್ಪ ಸುರಿದುಕೊಂಡು ಚಮಚದಿಂದ ಅನ್ನ ಎತ್ತಿ, ಫೋರ್ಕ್‌ನಿಂದ ಹಣ್ಣಿನ ಹೋಳು ಚುಚ್ಚಿ, ಬೆರಳಿಗೆ ಏನೂ ತಾಕದಂತೆ ಉಣ್ಣತೊಡಗಿದ. ಸುತ್ತ ನೆರೆದವರಿಗೆ ಇದು ಇಂದ್ರಜಾಲ. ದೇವರು, ದೇವರು ಎಂದು ಅವರು ಉದ್ಗರಿಸಿದರಂತೆ. ಆ ಪದವನ್ನು ಆತ ಇಟಲಿಯ ಲಿಪಿಯಲ್ಲಿ ಹಾಗೆಯೇ ಬರೆದುಕೊಂಡು ಅರ್ಥವನ್ನೂ ಕೊಟ್ಟಿದ್ದಾನೆ. ನಮ್ಮ ಪದ್ಧತಿಯಂತೆ ಉಣ್ಣಬೇಕಾದರೆ ಮೇಜು, ಬಟ್ಟೆ, ತಟ್ಟೆ, ಲೋಟ ಇನ್ನೂ ಬಹಳ ಬೇಕು, ನಾನು ಜೋಗಿಯಂತೆ ದೇಶ ತಿರುಗುವವನು, ಅವೆಲ್ಲ ನನ್ನಲ್ಲಿಲ್ಲ ಎಂದು ಅರಸುಮಗನಿಗೆ ವಿವರಿಸಿದ.

ಈ ಪ್ರಸಂಗವನ್ನು ಓದುವ ಕನ್ನಡಿಗರಿಗೆ ಸಿಟ್ಟೂ ಬರಬಹುದು, ನಗುವೂ ಬರಬಹುದು. ಡೆಲ್ಲಾ ವಲ್ಲೆ ಮಣೇಲ್‌ನ ಬದಲು ಗೌರಿಬಿದನೂರಿನ ಹಳ್ಳಿಯೊಂದರಲ್ಲಿ ಬಿಸಿ ಮುದ್ದೆ, ಬಸ್ಸಾರಿನ ಮುಂದೆ ಕುಳಿತಿದ್ದರೆ ಆತನ ಫೋರ್ಕ್ ಏನು ಮಾಡುತ್ತಿತ್ತು ಎಂಬ ಯೋಚನೆ ಈ ವರದಿಗಾರನಿಗೆ ಬಂದದ್ದುಂಟು. ಮುದ್ದೆಗೆ ಬೆರಳೇ ಬೇಕು, ಅದನ್ನು ಅಗಿಯುವಂತೆಯೂ ಇಲ್ಲ. ಆದರೆ ಆತ ಸುಳ್ಳು ಬರೆಯಲಿಲ್ಲ ಎಂಬುದನ್ನು ಒಪ್ಪಬೇಕು. ಊರಿನವರಂತೆ ಉಂಡೆ ಎಂದು ಕೊಚ್ಚಿಕೊಳ್ಳುವುದು ಸುಲಭವಿತ್ತು. ನೋಡಲು ಸ್ಕಿಪಾನೊ ಅಲ್ಲಿರಲಿಲ್ಲ. ತನ್ನ ನಾಲಿಗೆ ದಾಟಿದ ಗಡಿಯನ್ನು ತನ್ನ ಕೈ ದಾಟಲಿಲ್ಲವೆಂದು ಆತನೇ ಬರೆದುಕೊಟ್ಟ. ಆತಿಥೇಯನ ದೊಡ್ಡತನವೂ ಅದೇ ಕಾಗದದಿಂದಲೇ ನಮಗೆ ತಿಳಿಯುತ್ತದೆ.

ಮರಳಿ ರೋಮ್‌ಗೆ

ಮಂಗಳೂರಿನ ಕದ್ರಿಯಲ್ಲಿ ಜೋಗಿಗಳ ಅರಸನನ್ನು ಕಂಡು, ಕಲ್ಲಿಕೋಟೆವರೆಗೆ ಹೋಗಿ ಗೋವಾಕ್ಕೆ ಮರಳಿದ ಡೆಲ್ಲಾ ವಲ್ಲೆ 1624ರ ಕೊನೆಯಲ್ಲಿ ಭಾರತ ಬಿಟ್ಟ. ಮಸ್ಕತ್, ಬಸ್ರಾ, ಮರುಭೂಮಿ, ಅಲೆಪ್ಪೊ ಮಾರ್ಗವಾಗಿ 1626ರ ಮಾರ್ಚ್‌ನಲ್ಲಿ ರೋಮ್ ತಲುಪಿದ. ಮಆನಿಯ ಪೆಟ್ಟಿಗೆಯೂ ಆತನೊಂದಿಗೆ ಊರು ಸೇರಿತು. ಅರಾಚೇಲಿ ಚರ್ಚ್‌ನ ಕುಟುಂಬ ಸಮಾಧಿಯಲ್ಲಿ ಆಕೆಯನ್ನು ಮಲಗಿಸಿದರು. ಮರುವರ್ಷ ನಡೆದ ವಿಧಿಯಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಲು ನಿಂತವನು ದುಃಖ ತಡೆಯಲಾರದೆ ಅತ್ತುಬಿಟ್ಟ.

ಆಮೇಲೆ ಆತ ಮದುವೆಯಾದದ್ದು ತಾನೇ ಸಾಕಿ ತಂದ ಮರಿಯುಚ್ಚಾಳನ್ನು. ಬಂಧುಗಳಿಗೆ ಇದು ಹಿಡಿಸಲಿಲ್ಲ. ಆಕೆಯಿಂದ ಹದಿನಾಲ್ಕು ಗಂಡುಮಕ್ಕಳಾದರು. ಸಿಟ್ಟಿನ ಭರದಲ್ಲಿ ಗಾಡಿ ಹೊಡೆಯುವವನೊಬ್ಬನನ್ನು ಕೊಂದು ಕೆಲಕಾಲ ರೋಮ್ ಬಿಟ್ಟು ಓಡಬೇಕಾಯಿತು, ಕ್ಷಮೆ ಸಿಕ್ಕ ಮೇಲೆ ಮರಳಿದ. ಹೊಸ ವಾದ್ಯಗಳನ್ನು ಮಾಡಿಸಿ ಸಂಗೀತ ರಚಿಸಿದ. ಈಜಿಪ್ಟಿನಿಂದ ತಂದ ಕಾಪ್ಟಿಕ್ ಭಾಷೆಯ ಹಸ್ತಪ್ರತಿಗಳನ್ನು ಕಿರ್ಷರ್ ಎಂಬ ಪಂಡಿತನಿಗೆ ಅಧ್ಯಯನಕ್ಕೆ ಒದಗಿಸಿದ. ಪರ್ಷಿಯನ್ ಬೆಕ್ಕುಗಳ ಬಗ್ಗೆ ಯುರೋಪಿಗೆ ತಿಳಿಸಿದವರಲ್ಲಿಯೂ ಆತನ ಹೆಸರು ಬರುತ್ತದೆ.

ಆತ ವೃದ್ಧನಾಗುವಷ್ಟರಲ್ಲಿ ಇಟಲಿಯ ತಟ್ಟೆಯೂ ಬದಲಾಗತೊಡಗಿತ್ತು. ನೇಪಲ್ಸ್‌ನಲ್ಲಿ ಜನ ಕಿಕ್ಕಿರಿದು ಮಾಂಸ, ತರಕಾರಿ ತುಟ್ಟಿಯಾದಾಗ, ಹಿಟ್ಟು ನಾದುವ, ಎಳೆ ಒತ್ತುವ ಯಂತ್ರಗಳು ಪಾಸ್ತಾವನ್ನು ಅಗ್ಗ ಮಾಡಿದವು. ನಮ್ಮ ಶಾವಿಗೆ ಒರಳಿನ ದೊಡ್ಡಣ್ಣನಂತಿದ್ದ ಆ ಒತ್ತುಯಂತ್ರ ಸೊಪ್ಪು ತಿನ್ನುವವರನ್ನು ಮ್ಯಾಕರೋನಿ ತಿನ್ನುವವರನ್ನಾಗಿಸಿತು. ಮುಂದಿನ ಎರಡು ಶತಮಾನಗಳಲ್ಲಿ ನೇಪಲ್ಸ್‌ನ ಬೀದಿಬದಿಯಲ್ಲಿ ಬಡವರು ಬಿಸಿ ಮ್ಯಾಕರೋನಿಯನ್ನು ಕೈಯಿಂದಲೇ ಎತ್ತಿ, ತಲೆ ಹಿಂದಕ್ಕೆ ವಾಲಿಸಿ ಬಾಯಿಗಿಳಿಸುವುದು ಯುರೋಪಿನ ಪ್ರವಾಸಿಗರಿಗೆ ನೋಡುವ ತಮಾಷೆಯಾಯಿತು. ಅದರ ಚಿತ್ರಗಳು ಮಾರಾಟವಾದವು. ಮಣೇಲ್‌ನಲ್ಲಿ ಕೈಯೂಟದವರು ಸುತ್ತ ನಿಂತು ಫೋರ್ಕ್ ನೋಡಿದ್ದರು, ಇಲ್ಲಿ ಫೋರ್ಕ್‌ನವರು ಸುತ್ತ ನಿಂತು ಕೈಯೂಟ ನೋಡಿದರು. ಎಳೆಪಾಸ್ತಾಕ್ಕೆ ಟೊಮೆಟೊ ಸಾರು ಕೂಡಿಬಂದು ಊರಿಗೆಲ್ಲ ಹಬ್ಬಿದ್ದು 19ನೇ ಶತಮಾನದ ಮಾತು.

ಡೆಲ್ಲಾ ವಲ್ಲೆ 1652ರ ಏಪ್ರಿಲ್ 21ರಂದು ರೋಮ್‌ನಲ್ಲಿ ತೀರಿಕೊಂಡ. ತುರ್ಕಿಯ ಕಾಗದಗಳ ಸಂಪುಟ 1650ರಲ್ಲಿ ಅಚ್ಚಾಗಿದ್ದನ್ನು ಮಾತ್ರ ಆತ ಕಣ್ಣಾರೆ ಕಂಡ. ಪರ್ಷಿಯಾದ ಭಾಗ 1658ರಲ್ಲಿ, ಭಾರತದ ಭಾಗ 1663ರಲ್ಲಿ ಹೊರಬಂದವು. ಮರುವರ್ಷವೇ ಭಾರತದ ಕಾಗದಗಳು ಇಂಗ್ಲಿಷಿಗೆ ಬಂದವು. ಅದೇ ಅನುವಾದವನ್ನು 1892ರಲ್ಲಿ ಎಡ್ವರ್ಡ್ ಗ್ರೇ ಟಿಪ್ಪಣಿಗಳೊಂದಿಗೆ ಲಂಡನ್ನಿನ ಹಕ್ಲೂಯಿಟ್ ಸೊಸೈಟಿಗಾಗಿ ಮತ್ತೆ ಸಂಪಾದಿಸಿದರು. ಬಾಳೆಲೆ, ತುಪ್ಪದ ದೊನ್ನೆ, ಕಣಿಲೆ ಉಪ್ಪಿನಕಾಯಿ, ಬಿಡಾರದಿಂದ ಓಡೋಡಿ ತಂದ ಫೋರ್ಕ್ ಎಲ್ಲವೂ ಅದರ ಎರಡನೆಯ ಸಂಪುಟದಲ್ಲಿವೆ.